ಗೋಡೆಯಿಂದ ಬಿಚ್ಚಿದ ಪೈಪು

ಸುಮಿತ್ರಾ, ನಿನ್ನ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡದ್ದು ನಿನ್ನಿಂದಲ್ಲ, ನನ್ನಿಂದ. ಇಷ್ಟು ವರ್ಷ ಆ ತಪ್ಪನ್ನು ನಿನ್ನ ತಲೆಗೆ ಕಟ್ಟಿ, ನೀನು ಬಡಿಸಿದ ಅನ್ನವನ್ನೇ ತಿಂದುಕೊಂಡು ಬಂದಿದ್ದೇನೆ — ಅದು ಗಂಟಲಲ್ಲಿ ಹೇಗೆ ಇಳಿಯಿತೋ, ನನಗೇ ತಿಳಿಯದು.

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಆ ಮನೆ ನಿನಗೆ ನೆನಪಿರಬೇಕು. ಅರವತ್ತರ ದಶಕ, ನಾನು ಫಿಟ್ಟರ್. ನನ್ನ ಅಮ್ಮನ ಕಣ್ಣು ಮಂಜಾಗಿ, ಮಂಡಿ ಹಿಡಿದುಕೊಂಡಾಗ ನಾನೇ ಮನೆಯನ್ನು ಅವಳಿಗೆ ಹೊಂದಿಸಿದೆ. ಬಚ್ಚಲಿನ ಮೆಟ್ಟಿಲಿಗೆ ಸಿಮೆಂಟು ತುಂಬಿ ಇಳಿಜಾರು ಮಾಡಿದೆ. ಕಾಲು ಜಾರದಂತೆ ನುಣುಪು ಕಲ್ಲಿಗೆ ಉಳಿಯಿಂದ ಕಚ್ಚು ಹಾಕಿದೆ. ಅವಳ ಮಂಚದಿಂದ ಬಚ್ಚಲ ಬಾಗಿಲವರೆಗೆ ಗೋಡೆಗುಂಟ, ಹಿಡಿದು ನಡೆಯಲು ಕಬ್ಬಿಣದ ಪೈಪು ಕೂಡಿಸಿದೆ. ಅದಕ್ಕೆ ಅಳತೆಪಟ್ಟಿ ಹಿಡಿಯಲಿಲ್ಲ. ಅವಳನ್ನೇ ನಿಲ್ಲಿಸಿ, ಕೈ ತಾನಾಗಿ ಎಲ್ಲಿಗೆ ಬಂತೋ ಅಲ್ಲಿ ಗುರುತು ಹಾಕಿದೆ. ಮೊದಲ ಸಲ ಒಬ್ಬಳೇ ಹೋಗಿಬಂದ ಅಮ್ಮ, "ಇನ್ನು ನಂಗೆ ಯಾರ ಹಂಗೂ ಇಲ್ಲ ಮಾರಾಯ" ಎಂದಳು. ನಾನು ಸಾಲುಮನೆಯವರನ್ನೆಲ್ಲ ಕರೆದು ತೋರಿಸಿದೆ. ಜಂಬದ ಕೋಳಿ!

ಆಮೇಲೆ ನಿನ್ನನ್ನು ನೋಡಲು ಶಿವಮೊಗ್ಗದ ಹೊಸಮನೆ ಬಡಾವಣೆಯಿಂದ ಗಂಡಿನವರು ಬರುವುದೆಂದಾಯಿತು. ಬೆಳಿಗ್ಗೆಯೇ ಬಂದಿಳಿದ ನಿನ್ನ ಸೋದರಮಾವ ಪೈಪು ನೋಡಿ ಹುಬ್ಬು ಗಂಟಿಕ್ಕಿದ. "ಏನ್ ಭಾವ ಇದು, ಆಸ್ಪತ್ರೆ ವಾರ್ಡ್ ಇದ್ದಂಗಿದೆ! ವಂಶದಲ್ಲೇ ಲಕ್ವ ಇದೆ ಅಂದ್ಕೊಂಡು ಕಾಫಿನೂ ಕುಡೀದೆ ಎದ್ದು ಹೋಗ್ತಾರೆ. ಸಂಜೆವರೆಗೆ ಬಿಚ್ಚಿಡಿ."

ಬಿಚ್ಚಿದೆ. ಅಮ್ಮ ಆಗ ಪಕ್ಕದ ಮನೆಯ ಜಗಲಿಯಲ್ಲಿ ಕೂತಿದ್ದಳು. "ಅಜ್ಜಿಗೆ ಹೇಳ್ಬೇಕಲ್ಲಪ್ಪ" ಎಂದು ನೀನು ನೆನಪಿಸಿದೆ. "ನಾನ್ ಹೇಳ್ತೀನಿ" ಎಂದೆ.

ಹೇಳಲಿಲ್ಲ. ಕೈಹಿಡಿದು ತಂದು ಮಂಚದ ಮೇಲೆ ಕೂರಿಸಿದಾಗ ಮಾತು ನಾಲಿಗೆಯ ತುದಿಗೆ ಬಂದಿತ್ತು — ಆದರೆ, "ನಿನ್ನ ದೆಸೆಯಿಂದ ಮೊಮ್ಮಗಳಿಗೆ ಗಂಡು ತಪ್ಪೀತೆಂದು ಬಿಚ್ಚಿದೆ" ಅಂತ ಹೆತ್ತವಳಿಗೆ ಯಾವ ಬಾಯಲ್ಲಿ ಹೇಳುವುದು? ಅವರು ಹೋಗುವವರೆಗೆ ಏಳಬೇಡ ಎಂದಷ್ಟೇ ಹೇಳಿದೆ. ವಯಸ್ಸಾದವರ ಮೈ ಮಗ ಹೇಳಿದಂತೆ ಕೇಳುತ್ತದೆಯೇ?

ನೀನು ಕಾಫಿ ಲೋಟಗಳನ್ನು ಹಿಡಿದು ಹೊರಗೆ ಗಂಡಿನವರ ಮುಂದೆ ಬಂದಿದ್ದೆಯಷ್ಟೆ, ಒಳಗೆ ದೊಪ್ಪೆಂದು ಸದ್ದಾಯಿತು. ಮೊದಲು ಓಡಿದವನು ನಾನು. ಅಮ್ಮ ಗೋಡೆಯ ಪಕ್ಕ ಬಿದ್ದಿದ್ದಳು. ಬಲಗೈ ಇನ್ನೂ ಗೋಡೆಯನ್ನು ತಡಕುತ್ತಿತ್ತು.

ಲೋಟಗಳನ್ನು ಇಟ್ಟು ಹಿಂದೆ ಓಡಿ ಬಂದ ನೀನು, "ಅಜ್ಜಿಗೆ ಹೇಳಿರ್ಲಿಲ್ವಾ ಅಪ್ಪ?" ಎಂದೆ.

"ಹೇಳಿದ್ದೆ. ಮುಖ ತೊಳ್ಕೊಂಡು ಬಂದೋಳು ನೀರು ಚೆಲ್ಲಿ ಹಂಗೇ ಬಿಟ್ಟಿದ್ದೀಯ, ಜಾರಿದ್ದಾಳೆ" — ಎಲ್ಲಿಂದ ಬಂತೋ ಆ ಮಾತು! ನೀನು ಮುಖ ತೊಳೆದು ಬಂದದ್ದೇನೋ ನಿಜ. ಅಮ್ಮ ನನ್ನ ದನಿ ಬಂದ ಕಡೆ ಮುಖ ತಿರುಗಿಸಿದಳು. ಆ ನೋವಿನಲ್ಲೂ, "ಹೇಳಿದ್ದ ಕಣೇ... ನಂಗೇ ಮರ್ತೋಯ್ತು" ಎಂದಳು. ನಮ್ಮಿಬ್ಬರನ್ನೂ ಉಳಿಸಲು ನೋಡಿದಳು, ಪಾಪ. ನಾನು ಉಳಿದೆ. ನೀನು ಮಾತ್ರ ಆ ನೀರನ್ನೇ ಮನಸ್ಸಿಗೆ ಹಚ್ಚಿಕೊಂಡೆ.

ಮರುದಿನ ಪೈಪು ಮತ್ತೆ ಕೂಡಿಸಿದೆ. ಅಮ್ಮ ಮತ್ತೆ ಎದ್ದು ನಿಲ್ಲಲೇ ಇಲ್ಲ.

ಗಂಡಿನವರು ಒಪ್ಪಿದ್ದರು. "ಅಜ್ಜಿನ ಈ ಸ್ಥಿತಿಗೆ ತಂದು ನಾನ್ ಹೆಂಗಪ್ಪ ಹೋಗ್ಲಿ" ಎಂದು ನೀನೇ ಬೇಡವೆಂದೆ. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಅಮ್ಮನ ಪಕ್ಕ ಕೂತು ಅತ್ತೆನಷ್ಟೆ. ಅವಳು ನನ್ನ ತಲೆ ಸವರಿದಳು, ಹೇಳು ಎನ್ನಲಿಲ್ಲ, ಹೇಳಬೇಡ ಅಂತಲೂ ಅನ್ನಲಿಲ್ಲ. ಅವಳು ತೀರಿಕೊಂಡ ಮೇಲೂ ನೀನು ಮದುವೆಯ ಮಾತೆತ್ತಲು ಬಿಡಲಿಲ್ಲ, ಮತ್ತೆ ನಾನು...

ಈಗ ನಾನೂ ಮುದುಕ. ನಾನು ಬಚ್ಚಲಿನಿಂದ ಬಂದರೆ ನೀನು ಬಟ್ಟೆ ಹಿಡಿದು ಹಿಂದೆಯೇ ಬಂದು, ಬೀಳದ ಹನಿಯನ್ನೂ ಒರೆಸುತ್ತೀಯ. ನಾನು ಕಾಲೆತ್ತಿಕೊಂಡು ಸುಮ್ಮನೆ ಕೂರುತ್ತೇನೆ. ಇನ್ನು ಆಗದು. ಕ್ಷಮಿಸು ಎನ್ನುವ ಮುಖ ನನಗಿಲ್ಲ. ಒಂದನ್ನು ಮಾತ್ರ ತಿಳಿದುಕೋ. ಅಂದು ನೀವೆಲ್ಲ ಬರುವ ಮೊದಲು ನಾನು ನೆಲದ ಮೇಲೆ ಕೈಯಾಡಿಸಿದ್ದೆ — ಎಲ್ಲಾದರೂ ಒಂದಿಷ್ಟು ನೀರು ಸಿಕ್ಕೀತೇ ಎಂದು. ನೆಲ ಒಣಗಿತ್ತು, ಮಗಳೇ.