ಪೆಡಲಿನ ಅಡಿಯ ನಂಬರು

ಮದುವೆಮನೆಯಿಂದ ಬಂದ ಸೈಕಲ್ಲು ನಮ್ಮದಲ್ಲವೇನೋ ಎಂದು ನನಗೆ ಮೊದಲು ಅನ್ನಿಸಿದ್ದು ಅದರ ಗಂಟೆಯಿಂದ. ನಮ್ಮ ಗಂಟೆ ಒಮ್ಮೆ ಒತ್ತಿದರೆ ಸ್ವಲ್ಪ ಹೊತ್ತು ಗುಂಯ್ ಎನ್ನುತ್ತಲೇ ಇರುತ್ತಿತ್ತು. ಇದು ಟಿಣ್ ಎಂದು ಅಲ್ಲಿಗೇ ನಿಂತುಬಿಟ್ಟಿತು. ಹ್ಯಾಂಡಲ್ಲಿನ ರಬ್ಬರು ಹಿಡಿಯ ಹತ್ತಿರ ಮೂಗು ಒಯ್ದರೆ ಇಂಗಿನ ವಾಸನೆ. ನಮ್ಮ ಮನೆಯವರು ಆಗ ಹೊಸನಗರದ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಅವರ ಕೈಗೆ ಸೀಮೆಸುಣ್ಣದ ವಾಸನೆ ಇರುತ್ತಿತ್ತು, ಇಂಗಿನದಲ್ಲ.

"ಕೇಳಿದ್ರಾ, ಇದು ನಮ್ಮ ಸೈಕಲ್ಲೇನಾ?" ಎಂದೆ.

"ಅಲ್ದೆ ಮತ್ತೆ? ಹುಂಚದಿಂದ ಇಲ್ಲೀ ತನಕ ನಾನು ತುಳ್ಕಂಡು ಬಂದದ್ದು ಎಂತದು, ರಾಗಿಕಲ್ಲಾ?"

ಹುಂಚದ ಹತ್ತಿರದ ಹಳ್ಳಿಯೊಂದರಲ್ಲಿ ಅವರ ಸೋದರತ್ತೆಯ ಮಗಳ ಮದುವೆಯಿತ್ತು. ಮದುವೆಮನೆಯ ಕಟ್ಟೆಗೆ ಸಾಲಾಗಿ ಒರಗಿದ್ದ ಸೈಕಲ್ಲುಗಳೆಲ್ಲ ಕಪ್ಪು, ಎಲ್ಲವೂ ಒಂದೇ ಕಂಪನಿಯವು. ಆಯುಧಪೂಜೆ ಆಗಿ ಹೆಚ್ಚು ದಿನವಾಗಿರಲಿಲ್ಲವಾದ್ದರಿಂದ ಎಲ್ಲದರ ಹಣೆಯ ಮೇಲೂ ಕುಂಕುಮ. ಬೀಗ ಹಾಕುವ ರೂಢಿ ನಮ್ಮ ಕಡೆ ಯಾರಿಗಿತ್ತು?

ಅತ್ತೆಯವರು ಒಳಗಿನಿಂದಲೇ, "ಗಂಟೆಗೆ ಧೂಳು ಕೂತಿರ್ತದೆ. ಒಂಚೂರು ತುಪ್ಪ ಹಚ್ಚಿದ್ರೆ ಸರಿ ಆತದೆ" ಎಂದರು. ತುಪ್ಪ ಎಂದರೆ ಮುರುಗಲ ತುಪ್ಪ. ಮುರುಗಲ ಬೀಜದಿಂದ ತೆಗೆದ ಮೇಣದಂಥ ಆ ತುಪ್ಪವನ್ನು ಎಲ್ಲರೂ ಹಿಮ್ಮಡಿ ಒಡೆದರೆ ಹಚ್ಚುತ್ತಾರೆ. ಅತ್ತೆಯವರು ಬಾಗಿಲ ತಿರುಗಣಿಗೂ, ಪೆಟ್ಟಿಗೆಯ ಚಿಲಕಕ್ಕೂ, ಮಗನ ಸೈಕಲ್ಲಿಗೂ ಹಚ್ಚುತ್ತಿದ್ದರು. ಅವತ್ತು ಸಂಜೆ ಮೊಣಕಾಲೂರಿ ಕೂತು ಗಂಟೆಗೆ, ಸರಪಳಿಗೆ, ಪೆಡಲಿನ ಸಂದಿಗೆ ಧಾರಾಳವಾಗಿ ಮೆತ್ತಿದರು. ಗಂಟೆ ಆಮೇಲೆ ಟಿಣ್ ಎನ್ನುವುದನ್ನೂ ಬಿಟ್ಟಿತು.

ನನ್ನದೇ ಭ್ರಮೆ ಇರಬಹುದು ಎಂದು ಸುಮ್ಮನಾದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು, "ಎಲ್ಲ ನೋಡುತ್ತೀಯ, ಯಾವುದನ್ನೂ ತೀರ್ಮಾನ ಮಾಡುವುದಿಲ್ಲ" ಎಂದು ನನ್ನನ್ನು ಬೈಯುತ್ತಿದ್ದರು.

ಮುಂದಿನ ಭಾನುವಾರ ತೀರ್ಥಹಳ್ಳಿಯ ಬಸ್ಸಿನಿಂದ ಅಡಿಗೆ ಭಟ್ಟರು ಇಳಿದರು. ಆ ಮದುವೆಗೆ ಅಡಿಗೆ ಮಾಡಿದ್ದು ಅವರೇ. ದೊಡ್ಡ ದೇಹ, ದೊಡ್ಡ ದನಿ, ಬಾಯಿ ತುಂಬ ಎಲೆ ಅಡಿಕೆಯ ಕವಳ. ಬಸ್ಸಿನ ಟಾಪಿನಿಂದ ಒಂದು ಸೈಕಲ್ಲು ಇಳಿಸಿಕೊಂಡು ನೇರ ನಮ್ಮ ಅಂಗಳಕ್ಕೆ ತಳ್ಳಿಕೊಂಡು ಬಂದರು.

"ಮೇಷ್ಟ್ರೆ, ಮದುವೆಮನೇಲಿ ವಿಚಾರಿಸ್ದೆ, ನನ್ನ ಕುದುರೆ ನಿಮ್ಮನೆ ಲಾಯದಲ್ಲಿ ಅದೆ. ನಿಮ್ಮದು ನನ್ನ ಹತ್ರ ಬಂದದೆ. ಪಾಪ, ಅದೂ ಬಡಕಲು. ಅದಲು ಬದಲು ಮಾಡ್ಕಳಾಣ."

ನಮ್ಮ ಮನೆಯವರು ಪೇಪರು ಮಡಿಸಿಟ್ಟು ಹೊರಗೆ ಬಂದರು. "ಭಟ್ರೆ, ನಂದು ನನ್ನ ಹತ್ರಾನೇ ಉಂಟು. ನೀವು ಬೇರೆ ಯಾರದ್ದೋ ತಗಂಡು ಹೋಗಿದ್ದೀರಿ."

"ಅದೆಂಗೆ? ನಂದರ ಎಡಗಡೆ ಪೆಡಲು ಕೀರ್ ಕೀರ್ ಅಂತದೆ. ಇಡೀ ತೀರ್ಥಹಳ್ಳಿಗೆ ಗೊತ್ತು. ಭಟ್ಟ ಬಂದ ಅಂತ ನಾಯಿ ಎದ್ದು ದಾರಿ ಬಿಡ್ತವೆ. ತುಳೀರಿ ನೋಡಾಣ."

ಇವರು ಹತ್ತಿ ಅಂಗಳದಲ್ಲಿ ಒಂದು ಸುತ್ತು ಹಾಕಿದರು. ಒಂದು ಸದ್ದೂ ಇಲ್ಲ. ಭಟ್ಟರು ಕಿವಿ ಮುಂದೆ ಮಾಡಿ ನಿಂತೇ ಇದ್ದರು. ನಾನು ಅತ್ತೆಯವರ ಮುಖ ನೋಡಿದೆ. ಅವರು ಸೆರಗಿನಿಂದ ಕೈ ಒರಸಿಕೊಳ್ಳುತ್ತ, "ತುಪ್ಪ ಹಚ್ಚಿದ ಮೇಲೆ ಯಾವ ಪೆಡಲೂ ಕೂಗದಿಲ್ಲ" ಎಂದು ಹೆಮ್ಮೆಯಿಂದ ಹೇಳಿದರು. ಅದು ಯಾರ ಕಡೆಯ ಸಾಕ್ಷಿಯೋ ಅವರಿಗೂ ತಿಳಿದಿರಲಿಕ್ಕಿಲ್ಲ.

ಆಗ ಇವರಿಗೆ ನಂಬರಿನ ನೆನಪಾಯಿತು. "ಸೈಕಲ್ಲಿನ ಮೈ ಮೇಲೆ ಒಂದು ನಂಬರು ಕೊರೆದಿರ್ತಾರೆ. ಒಂದರ ಹಾಗೆ ಇನ್ನೊಂದಕ್ಕೆ ಇರೋದಿಲ್ಲ. ಅದನ್ನೇ ನೋಡಾಣ" ಎಂದರು.

ನಮ್ಮ ನಂಬರು ಏನೆಂದು ನಮಗೆ ಗೊತ್ತಿರಲಿಲ್ಲ. ಸೈಕಲ್ಲು ನನ್ನ ಮದುವೆಯಲ್ಲಿ ನನ್ನ ಅಪ್ಪಯ್ಯ ಅಳಿಯನಿಗೆ ಕೊಟ್ಟದ್ದು. ಅಂಗಡಿಯ ರಸೀದಿಯನ್ನು ಯಾರೂ ಇಟ್ಟುಕೊಂಡಿರಲಿಲ್ಲ. ಗೊತ್ತಿದ್ದದ್ದು ಒಂದೇ. ಅಪ್ಪಯ್ಯ ಲಾರಿ ಇಟ್ಟುಕೊಂಡವರ ಹಾಗೆ ನಂಬರು ಕೂಡಿಸಿ ನೋಡುವವರು. ಅಂಕಿಗಳನ್ನು ಕೂಡಿಸುತ್ತ ಹೋಗಿ ಕೊನೆಗೆ ಒಂಬತ್ತು ಉಳಿದರೆ ಉತ್ತಮ, ಎಂಟು ಉಳಿದರೆ ಶನಿ. ಸಾಗರದ ಅಂಗಡಿಯಲ್ಲಿ ಒಂಬತ್ತರ ಸೈಕಲ್ಲೇ ಬೇಕು ಎಂದು ಮಧ್ಯಾಹ್ನವೆಲ್ಲ ಕೂತು ಆರಿಸಿ ತಂದಿದ್ದರಂತೆ. "ಎಂಟು ಬರೋ ಸೈಕಲ್ಲನ್ನ ನನ್ನ ಹೆಣ ಬಿದ್ರೂ ಅಳಿಯಂಗೆ ಕೊಡೋನಲ್ಲ" ಎಂದು ಚಪ್ಪರದಲ್ಲೇ ಬೀಗರಿಗೆ ಹೇಳಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಮರೆತಿರಲಿಲ್ಲ.

ಹುಡುಕಲು ಶುರುಮಾಡಿದೆವು. ಹ್ಯಾಂಡಲ್ಲಿನ ಕೆಳಗೆ ಕಂಪನಿಯ ಬಿಲ್ಲೆ ಇತ್ತು, ನಂಬರಿಲ್ಲ. ಸೀಟಿನ ಕೆಳಗೆ ಜೇಡರ ಬಲೆ. ಮಡ್‌ಗಾರ್ಡಿನ ಮೇಲೆ ಯಾವುದೋ ಇಂಗ್ಲಿಷ್ ಅಕ್ಷರ ಕಂಡು ನಾನು ಓದಿದರೆ ಅದು ಬರೀ ಬಣ್ಣದ ಹೆಸರು. ಕೊನೆಗೆ ಎರಡನ್ನೂ ತಲೆಕೆಳಗಾಗಿ ನಿಲ್ಲಿಸಿದರು. "ಮಗುಚಬ್ಯಾಡಾ ಅಪ್ಪೀ, ಪೂಜೆ ಆದದ್ದು" ಎಂದು ಅತ್ತೆಯವರು ಕೂಗಿಕೊಂಡರು. ಎರಡು ಪೆಡಲುಗಳ ನಡುವೆ, ಕೊಳವೆಗಳೆಲ್ಲ ಬಂದು ಸೇರುವ ಕಡೆ, ಅಡಿಭಾಗದಲ್ಲಿ ಏನೋ ಗೀಚಿದ ಹಾಗೆ ಕಾಣಿಸಿತು. ಒಂದರಲ್ಲಿ ತುಪ್ಪ, ಇನ್ನೊಂದರಲ್ಲಿ ಕೆಮ್ಮಣ್ಣು ಗಟ್ಟಿಯಾಗಿ ಕೂತಿತ್ತು. ಬಿಸಿನೀರು ಹಾಕಿ ಒರಸಿದರೂ ಅಂಕಿ ಸ್ಪಷ್ಟವಿಲ್ಲ. ನಾನು ತೆಳು ಕಾಗದ ಇಟ್ಟು ಮೇಲೆ ಪೆನ್ಸಿಲ್ ಅಡ್ಡಲಾಗಿ ಉಜ್ಜಿದೆ. ಕಾನ್ವೆಂಟಿನಲ್ಲಿ ಎಲೆಯ ನರಗಳನ್ನು ಹೀಗೇ ಕಾಗದಕ್ಕೆ ಇಳಿಸುತ್ತಿದ್ದೆವು. ಬೂದುಬಣ್ಣದ ನಡುವೆ ಅಂಕಿಗಳು ಬೆಳ್ಳಗೆ ಎದ್ದು ಬಂದವು.

ಇವರು ಕೂಡಿಸಿದರು. ನಮ್ಮ ಮನೆಯಲ್ಲಿದ್ದದ್ದು ಐದು. ಭಟ್ಟರು ತಂದದ್ದು ಎಂಟು.

ಒಂಬತ್ತು ಎರಡರಲ್ಲೂ ಇಲ್ಲ! ನನ್ನ ತಲೆ ಗಿರ್ ಎಂದಿತು. ಇವರಿಗೆ ಮಾತ್ರ ಏನೂ ಆಗಲಿಲ್ಲ. "ಒಂಬತ್ತು ಅನ್ನೋದು ಮಾವನೋರು ಮರ್ತು ಹೇಳಿರಬಹುದು. ಆದ್ರೆ ಎಂಟನ್ನ ಅವರು ಮುಟ್ಟಿರೋದು ಸಾಧ್ಯವೇ ಇಲ್ಲ. ಹಂಗಾಗಿ ಎಂಟು ನಮ್ಮದಲ್ಲ. ಉಳಿದದ್ದು ಐದು. ಅದು ನಮ್ಮದು" ಎಂದರು, ಬೋರ್ಡಿನ ಮೇಲೆ ಬರೆದ ಹಾಗೆ.

"ಹಂಗಾರೆ ನಾನು ಕಳ್ಳ ಅಂತ ಆತಲ್ಲ ಮೇಷ್ಟ್ರೆ."

"ಹಂಗೆ ನಾನು ಎಲ್ಲಿ ಅಂದೆ? ಲೆಕ್ಕ ಹೇಳ್ದೆ."

"ಅನ್ನಕ್ಕೆ ಉಪ್ಪು ಹಾಕಿ ತಿನ್ನೋರು ಲೆಕ್ಕದಲ್ಲಿ ಮಾತಾಡ್ಬಾರ್ದು" ಎಂದು ಭಟ್ಟರು ಎಂಟರ ಸೈಕಲ್ಲನ್ನು ನೆಟ್ಟಗೆ ಮಾಡಿಕೊಂಡರು. ನಾನು ಕಾಫಿ ತಂದಿದ್ದೆ. "ಇರ್ಲಿ ಅಮ್ಮಾ, ಇನ್ನೊಂದ್ಸಲ" ಎಂದು ಹೊರಟೇಹೋದರು.

ಎದುರು ಮನೆಯ ಮಗಳ ಮದುವೆ ಮಾಘಮಾಸಕ್ಕೆ ನಿಶ್ಚಯವಾಗಿತ್ತು. ಅಡಿಗೆಗೆ ಗೊತ್ತುಮಾಡಿದ್ದು ಇದೇ ಭಟ್ಟರನ್ನು. ಒಂದು ದಿನ ಆ ಮನೆಯಾಕೆ ನಮ್ಮ ಅಂಗಳದ ಬೇಲಿಯ ಹತ್ತಿರ ಬಂದು ನನ್ನನ್ನು ಕರೆದರು.

"ಅಲ್ದೆ, ಆ ಭಟ್ರು ನಿಮ್ಮ ಸೈಕಲ್ ಹೊಡೀಲಿಕ್ಕೆ ನೋಡಿದ್ರಂತೆ ಹೌದಾ? ಉಗ್ರಾಣದ ಕೀಲಿ ಅವ್ರ ಕೈಗೆ ಹೆಂಗೆ ಕೊಡದು ಅಂತ ನಮ್ಮನೇಲಿ ಕೇಳ್ತಾ ಇದ್ದಾರೆ. ನಗರದ ಕಡೆ ಒಬ್ರು ತಮ್ಮನೆ ಮದುವೆಗೆ ಆಗ್ಲೇ ಬ್ಯಾಡ ಅಂತ ಹೇಳಿ ಕಳಿಸ್ಯಾರಂತೆ."

ಮದುವೆಯಲ್ಲಿ ತುಪ್ಪ, ಬೆಲ್ಲ, ತೆಂಗಿನಕಾಯಿ ತುಂಬಿಟ್ಟ ಉಗ್ರಾಣದ ಕೀಲಿ ಅಡಿಗೆಯವರ ಸೊಂಟದಲ್ಲಿರುತ್ತದೆ. ಕೀಲಿ ಕೊಡಲು ಹಿಂಜರಿದರೆ ಆ ಮನುಷ್ಯ ಇನ್ನು ಯಾರ ಮನೆಯಲ್ಲಿ ಒಲೆ ಹಚ್ಚಬೇಕು? ನಾನು ಒಳಗೆ ಬಂದು ಇವರಿಗೆ ಹೇಳಿದೆ.

"ನಾನು ಯಾರಿಗೂ ಹೇಳಿಲ್ಲಪ್ಪ. ಸ್ಟಾಫ್ ರೂಮಲ್ಲಿ ಲೆಕ್ಕದ ತಮಾಷೆ ಅಂತ ಹೇಳಿದ್ದೆ, ಅಷ್ಟೆ" ಎಂದರು. ಮುಖ ಮಾತ್ರ ಸಣ್ಣದಾಗಿತ್ತು.

ನನಗೆ ಯಾವುದು ಸರಿಯೋ ತಿಳಿಯಲೇ ಇಲ್ಲ. ಇವರ ಲೆಕ್ಕದಲ್ಲಿ ತಪ್ಪು ಕಾಣುತ್ತಿರಲಿಲ್ಲ. ಭಟ್ಟರ ಮುಖದಲ್ಲೂ ಸುಳ್ಳು ಕಂಡಿರಲಿಲ್ಲ. ಅಕ್ಕಿ ಆರಿಸುತ್ತ ಐದು, ಎಂಟು, ಒಂಬತ್ತು ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಕಲ್ಲಿನ ಜೊತೆಗೆ ಅಕ್ಕಿಯನ್ನೂ ಎಸೆಯುತ್ತಿದ್ದೆನಂತೆ. ಅತ್ತೆಯವರು ಮೊರ ಕಸಿದುಕೊಂಡರು.

ಆ ತಿಂಗಳಲ್ಲೇ ಅಣ್ಣನ ಮಗುವಿನ ನಾಮಕರಣಕ್ಕೆ ಸಾಗರಕ್ಕೆ ಹೋದೆ. ಊಟವಾದ ಮೇಲೆ ಅಪ್ಪಯ್ಯ ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು. ಹಗೂರಕ್ಕೆ ಕೇಳಿದೆ: "ಅಪ್ಪಯ್ಯಾ, ನಮ್ಮ ಸೈಕಲ್ಲಿನ ನಂಬರು ನೀವು ಎಲ್ಲಿ ನೋಡಿದ್ದು?"

"ಅಂಗಡೀಲಿ."

"ಅಲ್ಲ, ಸೈಕಲ್ಲಿನ ಮೈಯಲ್ಲಿ ಎಲ್ಲಿ?"

ಗೇಟಿನ ಹತ್ತಿರ ಬಂದವರ ಸೈಕಲ್ಲೊಂದು ನಿಂತಿತ್ತು. ಅಪ್ಪಯ್ಯ ಉತ್ಸಾಹದಿಂದ ಎದ್ದು ಹೋಗಿ ಬೆರಳಿಟ್ಟು ತೋರಿಸಿದರು. "ಇಲ್ಲಿ ನೋಡು ಪುಟ್ಟಿ. ಆ ಅಂಗಡಿಯೋನು ಪಾಪ, ಮೊದಲು ಒಂದೊಂದೇ ಸೈಕಲ್ ಮಗುಚಿ ಹಾಕಿ ಬುಡದಲ್ಲಿ ಹುಡುಕ್ತಾ ಇದ್ದ. ಆರು ಬಂತು, ಎಂಟು ಬಂತು, ನಾನು ಬ್ಯಾಡ ಬ್ಯಾಡ ಅಂತಿದ್ದೆ. ಬೆವರಿಳಿದು ಹೋತು ಅವಂಗೆ. ಆಮೇಲೆ ತಾನೇ ಹೇಳ್ದ, ರಾಯರೆ, ಈಗಿನ ಸೈಕಲ್ಲಿಗೆ ಅಸಲಿ ನಂಬರು ಇಲ್ಲಿ ಹಾಕ್ತಾರೆ ಅಂತ. ಬಟ್ಟೇಲಿ ಒರಸಿ ತೋರಿಸ್ದ. ಕೂಡಿಸ್ದೆ. ಒಂಬತ್ತು!"

ಅಪ್ಪಯ್ಯನ ಬೆರಳು ಇದ್ದದ್ದು ಡೈನಮೋದ ಮೇಲೆ. ಟೈರಿಗೆ ಒರಗಿ ತಿರುಗುತ್ತ ದೀಪ ಉರಿಸುವ ಆ ಸಣ್ಣ ಸೀಸೆಯಂಥದ್ದರ ಅಡಿಯಲ್ಲಿ ಅದರದ್ದೇ ಒಂದು ನಂಬರು. ದೀಪಕ್ಕೆ ಒಂಬತ್ತು ಬಂದಿತ್ತು. ಸೈಕಲ್ಲಿಗೆ ಏನು ಬಂದಿತ್ತೋ ಅಪ್ಪಯ್ಯ ನೋಡಿಯೇ ಇರಲಿಲ್ಲ.

"ಯಾಕೆ ಕೇಳಿದ್ದು?" ಎಂದರು.

"ಸುಮ್ಮನೆ" ಎಂದೆ. ಅವರು ಮತ್ತೆ ಎಲೆಗೆ ಸುಣ್ಣ ಹಚ್ಚತೊಡಗಿದರು, ಖುಷಿಯಿಂದ.

ಮರುದಿನ ಹೊಸನಗರದಲ್ಲಿ ಬಸ್ಸಿಳಿದವಳು ಕೈಚೀಲ ಹಿಡಿದೇ ಸೈಕಲ್ಲಿನ ಹತ್ತಿರ ಕೂತೆ. ಡೈನಮೋದ ಅಂಕಿ ಕೂಡಿಸಿದರೆ ಒಮ್ಮೆ ಆರು ಬಂತು, ಒಮ್ಮೆ ಏಳು. ಇವರನ್ನು ಕರೆದು ಎಲ್ಲ ಹೇಳಿದೆ. ಅವರು ಕೂಡಿಸಿದರು. ಆರು. ಇನ್ನೊಮ್ಮೆ ಕೂಡಿಸಿದರು, ಸರಿಯಾದ ಲೆಕ್ಕ ತಪ್ಪಾಗಲಿ ಎಂದು ಕಾಯುವವರ ಹಾಗೆ.

"ಡೈನಮೋ ನಾನು ಬದಲಾಯಿಸಿಲ್ಲ" ಎಂದರು. ಎದ್ದು ನಿಂತು, "ನಾಳೆ ರಜೆ ಹಾಕ್ತೀನಿ. ನೀನೂ ಬಾ. ಆ ಪೆನ್ಸಿಲ್ಲು ತಗ" ಎಂದರು.

ಸೈಕಲ್ಲನ್ನು ಬಸ್ಸಿನ ಟಾಪಿಗೆ ಹಾಕಿ ತೀರ್ಥಹಳ್ಳಿಗೆ ಹೋದೆವು. ಭಟ್ಟರು ಮನೆಯಲ್ಲೇ ಇದ್ದರು. ಲಗ್ನದ ದಿನಗಳಲ್ಲಿ ಅಡಿಗೆಯವರು ಹಗಲು ಹೊತ್ತು ಮನೆಯಲ್ಲಿ ಸಿಗುವುದೆಂದರೆ ಏನರ್ಥ ಎಂದು ನನಗೂ ಗೊತ್ತಾಯಿತು. ಭಟ್ಟರ ಹೆಂಡತಿ ಮಜ್ಜಿಗೆ ಕೊಟ್ಟರು. ನಮ್ಮತ್ತ ಸರಿಯಾಗಿ ನೋಡಲಿಲ್ಲ.

ನಾನು ಅವರ ಜಗಲಿಯ ಪಕ್ಕದಲ್ಲಿದ್ದ ಸೈಕಲ್ಲಿನ ಡೈನಮೋಕ್ಕೆ ಕಾಗದ ಸುತ್ತಿ ಪೆನ್ಸಿಲ್ ಉಜ್ಜಿದೆ. ಇವರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು. ಒಂಬತ್ತು.

ಇವರು ಭಟ್ಟರಿಗೆ ಎಲ್ಲವನ್ನೂ ವಿವರಿಸಿದರು. ಭಟ್ಟರು ಕವಳ ಉಗಿದು ಬಂದು ಕೇಳಿದರು: "ಅಂದ್ರೆ ಎಂಟೂ ನಿಮ್ಮದೇ, ಒಂಬತ್ತೂ ನಿಮ್ಮದೇ?"

"ಹೌದು."

"ನನ್ನ ಪಾಲಿಗೆ ಐದು. ಸಾಕಪ್ಪ, ಪಾಂಡವರೂ ಅಷ್ಟೇ ಜನ." ಎಂದವರು ತಮ್ಮ ಸೈಕಲ್ಲನ್ನು ಹತ್ತಿ ಒಮ್ಮೆ ತುಳಿದರು. "ಥೋ, ಬಾಯೇ ಕಟ್ಟಿಬಿಟ್ಟಿದ್ದೀರಲ್ಲ ಇದರದ್ದು!" ಎಂದರು. ಅವರ ಹೆಂಡತಿ ಆಗ ಮೊದಲ ಸಲ ನಕ್ಕರು. ಭಟ್ಟರು ನಗಲಿಲ್ಲ. "ನಂಗೆ ಹೇಳಿದ್ದು ಆತು ಮೇಷ್ಟ್ರೆ. ನಿಮ್ಮ ಎದುರು ಮನೆಗೆ ಯಾರು ಹೇಳೋರು?"

ಇವರು ಎಂಟರ ಸೈಕಲ್ಲಿನ ಹ್ಯಾಂಡಲ್ಲು ಹಿಡಿದುಕೊಂಡರು.

ಎಂಟರ ಸೈಕಲ್ಲು ಮನೆಗೆ ಬಂತು. ಅತ್ತೆಯವರಿಗೆ ಇವರು ಯಾವ ನಂಬರನ್ನೂ ಹೇಳಲಿಲ್ಲ. ಕೈಕಾಲು ತೊಳೆದವರು ಕಾಫಿಗೂ ಕೂರದೆ ರಸ್ತೆ ದಾಟಿದರು. ನಾನು ಬಾಗಿಲಲ್ಲೇ ನಿಂತಿದ್ದೆ. ಎದುರು ಮನೆಯ ಯಜಮಾನರು ಚಪ್ಪರದ ಕಂಬ ಎಣಿಸುತ್ತಿದ್ದರು. ಇವರು ಶುರುಮಾಡಿದರು: ಅಂಗಡಿಯವನು ತೋರಿಸಿದ ನಂಬರು ಬೇರೆ, ಫ್ರೇಮಿನ ನಂಬರು ಬೇರೆ, ಕೂಡಿಸಿದರೆ ಐದು, ಎಂಟು, ಆದ್ದರಿಂದ...

"ನಿಲ್ಲಿ ಮೇಷ್ಟ್ರೆ," ಯಜಮಾನರು ಕೈ ಅಡ್ಡ ಹಿಡಿದರು. "ಈ ಐದು ಎಂಟೆಲ್ಲ ನಂಗೆ ತಲೆಗೆ ಹೋಗದಿಲ್ಲ. ನಿಮ್ಮನೇಲಿ ಇಷ್ಟು ದಿನ ಇದ್ದ ಸೈಕಲ್ ಯಾರದ್ದು?"

"ಭಟ್ಟರದ್ದು."

"ತಗಂಡು ಬಂದೋರು ಯಾರು?"

ಇವರು ಒಮ್ಮೆ ಹಿಂದಕ್ಕೆ ತಿರುಗಿ ನನ್ನ ಕಡೆ ನೋಡಿದರು. ಯಾಕೆ ನೋಡಿದರೋ ನನಗೆ ಇವತ್ತಿಗೂ ಗೊತ್ತಿಲ್ಲ.

"ನಾನು."

"ಅಷ್ಟು ಹೇಳಿದ್ರೆ ಸಾಕಾಗಿತ್ತಪ್ಪ" ಎಂದು ಯಜಮಾನರು ಒಳಗೆ ಮುಖ ಮಾಡಿ ಕೂಗಿದರು: "ಏ ಇವಳೇ, ಅಡಿಗೆಗೆ ತೀರ್ಥಹಳ್ಳಿ ಭಟ್ರೇ ಬತ್ತಾರೆ. ಬೇರೆಯೋರಿಗೆ ಹೇಳಿ ಕಳಿಸಬ್ಯಾಡ."