ಇಪ್ಪತ್ತೊಂದು ದಿನದ ಸೂಜಿ

ಮೊದಲು ಮೊಣಕಾಲು ಬಾತಿತು. ಎರಡು ದಿನಕ್ಕೆ ಅದು ಇಳಿದು ಮಣಿಕಟ್ಟು ಬಾತಿತು. ಜ್ವರವೂ ಇತ್ತು. ಪಿಯುಸಿ ಓದಲು ಮಸ್ಕಿಯಿಂದ ಲಿಂಗಸುಗೂರಿಗೆ ದಿನಾ ಬಸ್ಸಿನಲ್ಲಿ ನಿಂತೇ ಹೋಗುತ್ತಿದ್ದೆ, ಅದರ ಆಯಾಸ ಎಂದುಕೊಂಡೆವು. ಕಾಲೇಜಿನ ಮೆಟ್ಟಿಲ ಮೇಲೆ ಉಸಿರು ಸಾಲದೆ ಕುಳಿತುಬಿಟ್ಟ ದಿನ ಅವ್ವ ಡಾಕ್ಟರ್ ಹತ್ತಿರ ಕರೆದೊಯ್ದಳು. ಅವರು ರಾಯಚೂರಿಗೆ ಕಳಿಸಿ ಎದೆಯ ಎಕೋ ಸ್ಕ್ಯಾನ್ ಮಾಡಿಸಿದರು.

ಆ ಕೀಲುಜ್ವರದಿಂದ ಹೃದಯದ ವಾಲ್ವ್‌ಗೆ ಪೆಟ್ಟಾಗಿತ್ತು. ನನಗೆ ಹದಿನೇಳು ವರ್ಷ.

"ಈಗ ಸ್ವಲ್ಪ ಕೆಟ್ಟದ, ಇಷ್ಟಕ್ಕ ನಿಲ್ಲಿಸಬಹುದು," ಎಂದರು ಡಾಕ್ಟರ್. "ಪೆನಿಸಿಲಿನ್ ಇಂಜೆಕ್ಷನ್ ಇಪ್ಪತ್ತೊಂದು ದಿನಕ್ಕೊಮ್ಮೆ. ತಪ್ಪಿದ್ರ ಜ್ವರ ತಿರುಗಿ ಬರ್ತದ, ವಾಲ್ವ್ ಇನ್ನೂ ಕೆಡ್ತದ."

ಇಪ್ಪತ್ತೊಂದು ದಿನ ಎಂದರೆ ಒಮ್ಮೆ ಐದನೇ ತಾರೀಖು, ಅದೇ ತಿಂಗಳು ಇಪ್ಪತ್ತಾರು, ಮುಂದಿನ ತಿಂಗಳು ಹದಿನಾರೋ ಹದಿನೇಳೋ. ಗೋಡೆಯ ಕ್ಯಾಲೆಂಡರಿನಲ್ಲಿ ಎಣಿಸಿ ಗುರುತು ಹಾಕಿಕೊಳ್ಳುತ್ತಿದ್ದೆ. ಮೂರು ಸೂಜಿ ಹಾಗೇ ನಡೆದವು, ಮಸ್ಕಿಯ ಆಸ್ಪತ್ರೆಯಲ್ಲೇ.

ಅಣ್ಣ ಲಿಂಗಸುಗೂರಿನಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ. ಅದೇ ವರ್ಷ ಅಲ್ಲಿಗೆ ಕಂಪ್ಯೂಟರ್ ಬಂದಿತ್ತು. ಅದನ್ನು ನೋಡಲು ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿತ್ತು. ಅದರಲ್ಲಿ ತಾರೀಖು ಬರೆದಿಡುವ ಕ್ಯಾಲೆಂಡರೂ ಇತ್ತಂತೆ.

"ಬೆರಳಾಗ ಎಣಸೂದು ಬಿಡು ಬೇ. ವರ್ಷದ್ದೆಲ್ಲಾ ಇದರಾಗ ಬಂದೈತಿ," ಎಂದು ಉದ್ದನೆಯ ಕಾಗದ ಕೊಟ್ಟ.

ಪ್ರತಿ ತಿಂಗಳ ಎಂಟನೇ ತಾರೀಖು.

"ಇದು ತಿಂಗಳಿಗೊಮ್ಮೆ ಆತಲ್ಲೋ ಅಣ್ಣ?"

"ಡಾಕ್ಟರ್‌ನ ಕೇಳೀನಿ. ನಡೀತೈತಿ ಅಂದಾರ."

ನಂಬಿದೆ. ನಿಜ ಹೇಳಬೇಕೆಂದರೆ ಖುಷಿಯೂ ಆಯಿತು. ಆ ಔಷಧಿ ಗಟ್ಟಿ, ಸೊಂಟದಲ್ಲಿ ಇಳಿಯುವಾಗ ಜೀವ ಬಾಯಿಗೆ ಬರುತ್ತದೆ, ಎರಡು ದಿನ ಕುಂಟಬೇಕು. ಕೆಲವು ಸೂಜಿ ಉಳಿದವಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಅವ್ವ ಆ ಕಾಗದಕ್ಕೆ ಅರಿಶಿನ ಕುಂಕುಮ ಹಚ್ಚಿ ದೇವರ ಮಾಡದಲ್ಲಿಟ್ಟಳು.

ನಾಲ್ಕನೇ ತಿಂಗಳು ಮತ್ತೆ ಮೊಣಕಾಲು ಬಾತಿತು.

ಡಾಕ್ಟರ್ ನಾವು ಒಯ್ದಿದ್ದ ಅಣ್ಣನ ಕಾಗದ ನೋಡಿ, "ತಿಂಗಳಿಗೊಮ್ಮೆ ಅಂತ ಯಾರು ಹೇಳಿದ್ರು?" ಎಂದರು.

"ನೀವ ಅಂದೀರಂತರೀ."

"ನನ್ನ ಯಾರೂ ಕೇಳಿಲ್ಲವ್ವ."

ಪಕ್ಕದಲ್ಲಿದ್ದ ಅಣ್ಣನ ಕಡೆ ತಿರುಗಿದೆ. ಅವನು ತೂಕದ ಮಷಿನ್ ನೋಡುತ್ತಿದ್ದ.

ಹೊರಗೆ ಬೆಂಚಿನ ಮೇಲೆ ಕುಳಿತಾಗ ಬಾಯಿಬಿಟ್ಟ. "ಅದರಾಗ ವಾರಕ್ಕೊಮ್ಮೆ ಇಲ್ಲಾ ತಿಂಗಳಿಗೊಮ್ಮೆ ಅಂತಷ್ಟ ಹಾಕಾಕ ಬರ್ತೈತಿ. ಇಪ್ಪತ್ತೊಂದು ದಿನಕ್ಕಂದ್ರ ಒಂದೊಂದು ತಾರೀಖೂ ಕುಂತು ಹೊಡೀಬೇಕಿತ್ತು. ಕಂಪ್ಯೂಟರ್‌ಗೆ ಬರಂಗಿಲ್ಲ ಅಂತ ನಿಮ್ಮ ಮುಂದ ಹೆಂಗ ಹೇಳ್ಲಿ?"

ವರ್ಷಕ್ಕೆ ಹದಿನೇಳು ತಾರೀಖು. ಊರಿಗೆಲ್ಲ ಟೈಪಿಂಗ್ ಕಲಿಸುವವನಿಗೆ ಚಹಾ ಆರುವುದರೊಳಗೆ ಮುಗಿಯುವ ಕೆಲಸ. ಸೋಮಾರಿತನವನ್ನಾದರೂ ನುಂಗಿಕೊಳ್ಳುತ್ತಿದ್ದೆ. ಡಾಕ್ಟರನ್ನು ಕೇಳಿದ್ದೇನೆ ಎಂದು ನನ್ನ ಮುಖ ನೋಡಿಯೇ ಸುಳ್ಳು ಹೇಳಿದ್ದನಲ್ಲ, ಅದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಎರಡನೇ ಎಕೋದಲ್ಲಿ ವಾಲ್ವ್ ಇನ್ನಷ್ಟು ಕೆಟ್ಟಿತ್ತು. ಮುಂದೆ ಆಪರೇಷನ್ ಬೇಕಾಗಬಹುದು ಎಂದರು.

ಹದಿನೈದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದೆ. ಅಣ್ಣ ಅವ್ವನ ಮುಂದೆ ಕುಳಿತು, "ತಪ್ಪಾತಬೇ ಯವ್ವಾ," ಎಂದ. ನನ್ನ ಮುಂದಲ್ಲ.

"ಆಗೂದು ಆತು ಬಿಡಪ್ಪ. ಬೇಕಂತ ಮಾಡೀಯೇನು?" ಎಂದಳು ಅವ್ವ. ಅವನ ಕೈಗೆ ಚಹಾ ಕೊಟ್ಟಳು.

ನನಗೆ ಮೈ ಉರಿಯಿತು. "ಮಾಫ್ ಮಾಡಾಕ ನೀ ಯಾರಬೇ? ಎದಿ ನಂದೈತಿ," ಎಂದೆ.

ಅಣ್ಣ ಲೋಟ ಕೆಳಗಿಟ್ಟ. ಚಹಾ ಹಾಗೇ ಉಳಿಯಿತು.

ಈಗ ಐದು ತಿಂಗಳಾದವು. ಒಂದು ಸೂಜಿಯೂ ತಪ್ಪಿಲ್ಲ. ಕೀಲು ಬಾತಿಲ್ಲ. ಮೊನ್ನೆ ಡಾಕ್ಟರ್ ಎದೆಯ ಸದ್ದು ಕೇಳಿ, "ಹೆಚ್ಚಾಗಿಲ್ಲ, ಹಿಂಗ ಇರ್ಲಿ," ಎಂದರು. ಕಡಿಮೆಯಾಗಿದೆ ಎನ್ನಲಿಲ್ಲ. ಅಷ್ಟಕ್ಕೇ ಅವರಿಗೆ ಕೈ ಮುಗಿದು ಬಂದೆ.

ಸೂಜಿಯ ದಿನ ನಡೆಯಲಾಗುವುದಿಲ್ಲ. ಅಣ್ಣ ಹೇಳಿಸಿಕೊಳ್ಳದೇ ಆಸ್ಪತ್ರೆಯ ಮುಂದೆ ಬೈಕ್ ತಂದು ನಿಲ್ಲಿಸುತ್ತಾನೆ. ಹತ್ತಿ ಕೂರುತ್ತೇನೆ. ಮೊದಲಿನ ಹಾಗೆ ಅವನ ಹೆಗಲು ಹಿಡಿಯುವುದಿಲ್ಲ. ಸೀಟಿನ ಹಿಂದಿನ ಕಂಬಿ ಹಿಡಿದುಕೊಳ್ಳುತ್ತೇನೆ. ಅವನು ನಿಧಾನಕ್ಕೆ ಓಡಿಸುತ್ತಾನೆ.