ಎರಡು ಗುಳಿ, ಒಂದೇ ರಕ್ತ

ಬೆಳಗಾವಿಯ ನಮ್ಮ ಪ್ರಯೋಗಾಲಯಕ್ಕೆ ಮಣಿಗಳ ಪರೀಕ್ಷೆ ಬಂದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಮಣಿಗಳು. ಒಂದೊಂದು ಬಗೆಯ ಮಣಿ ರಕ್ತದಲ್ಲಿನ ಒಂದೊಂದು ವಸ್ತುವನ್ನು ಹಿಡಿದುಕೊಳ್ಳುತ್ತದೆ, ಯಂತ್ರ ಅಳೆಯುತ್ತದೆ. ಒಂದೇ ಹನಿಯಲ್ಲಿ ಹತ್ತಾರು ಉತ್ತರ ಎಂದಿದ್ದರು ಮಾರಲು ಬಂದವರು. ಖಾನಾಪುರದ ಹಂಚಿನ ಭಟ್ಟಿಗಳಲ್ಲಿ ದಿನವಿಡೀ ಹೊಗೆ ಕುಡಿಯುವ ಹೆಂಗಸರ ಶ್ವಾಸಕೋಶ ಹೇಗಿದೆ ಎಂದು ತಿಳಿಯುವುದು ನನ್ನ ಸಂಶೋಧನೆ.

ಭಟ್ಟಿಗೆ ಕಟ್ಟಿಗೆ ಒಟ್ಟುವ ಒಬ್ಬ ಅಕ್ಕ ರಕ್ತ ಕೊಡುವಾಗಲೇ ಕೇಳಿದ್ದರು: "ಕೆಮ್ಮು ಬಿಡವಲ್ದ್ರಿ. ನಾ ಬೆಂಕಿ ಮುಂದ ಇರಬೇಕೋ, ಹಂಚ ಒತ್ತೂ ಕಡೆ ಹೋಗಬೇಕೋ, ಹೇಳ್ರಿ." ಶ್ವಾಸಕೋಶ ಕೆಟ್ಟಷ್ಟೂ ಏರುವ ಅಂಕಿ ಅವರದು ಕಡಿಮೆ ಬಂತು. ಖುಷಿಯ ಭರದಲ್ಲಿ ಫೋನ್ ಮಾಡಿ, ಚಿಂತೆಯಿಲ್ಲ ಎಂದುಬಿಟ್ಟೆ. ಹಾಳು ಬಾಯಿಚಪಲ.

ಆಮೇಲೆ ಯಾಕೋ ಅನುಮಾನ ಬಂತು. ನನ್ನದೇ ರಕ್ತವನ್ನು ಪರೀಕ್ಷಾ ತಟ್ಟೆಯ ಎರಡು ಗುಳಿಗಳಿಗೆ ಹಾಕಿದೆ. ಒಂದರ ಪ್ರಕಾರ ನಾನು ಗಟ್ಟಿಮುಟ್ಟು. ಇನ್ನೊಂದರ ಪ್ರಕಾರ ಆಸ್ಪತ್ರೆಯಲ್ಲಿ ಮಲಗಿರಬೇಕಿತ್ತು! ಮಣಿಗಳು ಒಂದಕ್ಕೊಂದು ಅಂಟಿ ಗಂಟಾಗುತ್ತಿದ್ದವು. ಮಣಿಗಳ ಹೊಸ ಪೆಟ್ಟಿಗೆ ತರಿಸಿದರೂ ಅದೇ ಹಾಡು.

"ಸರಾಸರಿ ತಗದು ಬರದ್ಬಿಡವಾ," ಎಂದರು ನಮ್ಮ ಮಾರ್ಗದರ್ಶಕರು.

ಮೈಯೆಲ್ಲ ಉರಿದುಹೋಯಿತು. ಎರಡು ಸುಳ್ಳಿನ ಸರಾಸರಿ ಹಿಡಿದುಕೊಂಡು ಆ ಅಕ್ಕನ ಕೆಮ್ಮಿಗೆ ಏನು ಹೇಳಲಿ?

ಮರುದಿನ ನರ್ಸ್ ಒಬ್ಬರನ್ನು ಕರೆದುಕೊಂಡು ಖಾನಾಪುರದ ಬಸ್ಸು ಹತ್ತಿದೆ. ಅಕ್ಕ ಸುಟ್ಟ ಹಂಚುಗಳನ್ನು ಬೆರಳ ಗೆಣ್ಣಿನಿಂದ ಬಡಿದು, ಸಪ್ಪಳ ಕೇಳಿ, ಬಿರುಕಿದ್ದವನ್ನು ಬೇರೆ ಇಡುತ್ತಿದ್ದರು.

"ಅಕ್ಕಾರ, ನಾ ಹೇಳಿದ್ದು ತಪ್ಪಾತ್ರಿ. ಆ ಅಂಕಿ ನಂಬಾಂಗಿಲ್ಲ. ಇನ್ನೊಮ್ಮೆ ರಕ್ತ ಕೊಡಬೇಕ್ರಿ."

ಅವರು ಬಡಿಯುವುದನ್ನು ನಿಲ್ಲಿಸಲಿಲ್ಲ. "ನಾವು ಒಂದೊಂದು ಹಂಚೂ ಬಡದ ನೋಡಿ ಕೊಡ್ತೀವ್ರಿ. ನೀವು ಫೋನ್ ಮಾಡೂ ಮೊದಲ ನೋಡಬಾರದಿತ್ತೇನ್ರಿ?"

ನೋಡಬೇಕಿತ್ತು ಎಂದು ಒಪ್ಪಿಕೊಂಡೆ. ನನ್ನ ರಕ್ತದ ಕಥೆ ಹೇಳಿದಾಗ ಮಾತ್ರ ಕೆಮ್ಮು ಬರುವಷ್ಟು ನಕ್ಕರು.

"ಹಂಗಾರ ಈ ಸಲ ನಿಮ್ಮದೂ ನನ್ನ ಬಾಜೂಕ ಹಾಕ್ರಿ. ಮೊದಲ ನಿಮ್ಮ ಕೈ ಚಾಚ್ರಿ."

ಚಾಚಿದೆ. ನರ್ಸ್ ಇಬ್ಬರ ರಕ್ತವನ್ನೂ ತೆಗೆದರು.

ಒಂದು ಸಲಕ್ಕೆ ಒಂದೇ ವಸ್ತುವನ್ನು ಅಳೆಯುವ ಹಳೆಯ ವಿಧಾನಕ್ಕೆ ಮರಳಿದೆ. ವಾರಗಟ್ಟಲೆ ಹಿಡಿಯಿತು. ಈ ಸಲ ನನ್ನ ಎರಡೂ ಗುಳಿಗಳಲ್ಲಿ ಒಂದೇ ಉತ್ತರ. ಅಕ್ಕನ ಎರಡರಲ್ಲೂ ಒಂದೇ, ಆದರೆ ನನ್ನದಕ್ಕಿಂತ ಬಹಳ ಹೆಚ್ಚು. ನಂಬಬಹುದಾದ ಅಂಕಿ ಸಿಕ್ಕಿತೆಂದು ಒಂದು ಕ್ಷಣ ಹಿಗ್ಗಿದೆ. ಆಮೇಲೆ ಅದು ಯಾರ ಎದೆಯದು ಎಂದು ನೆನಪಾಯಿತು. ಅವತ್ತೇ ಹೋಗಿ ಹೇಳಿದೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಮತ್ತೊಂದು ಪರೀಕ್ಷೆಗೆ ರಕ್ತ ತರಲು ಮೊನ್ನೆ ನರ್ಸ್ ಜೊತೆ ಹೋದಾಗ ಅವರು ಬೆಂಕಿಯಿಂದ ದೂರ, ಹಂಚು ಒತ್ತುವ ಕಡೆ ಕೂತಿದ್ದರು. ಕೆಮ್ಮು ಇದೆ, ಕಡಿಮೆಯಾಗಿದೆ. ನನ್ನ ಚೀಲ ಕಂಡಕೂಡಲೇ ಕೈಗಂಟಿದ ಮಣ್ಣು ಒರೆಸಿಕೊಂಡರು.

"ಮೊದಲ ನಿಮ್ಮದು," ಎಂದರು.